ಗುರುತೇ ಸಿಗದ ಇಲಿಗಳು
ಆಕ್ಸಿಟೋಸಿನ್ ಅಂದ್ರೆ ಹೆರಿಗೆ ಟೈಮಲ್ಲಿ ಕೊಡೋ ಇಂಜೆಕ್ಷನ್ ಅಂತಷ್ಟೇ ತುಂಬಾ ಜನಕ್ಕೆ ಗೊತ್ತು, ಆದ್ರೆ ಅದು ಮೈಯಲ್ಲೇ ತಯಾರಾಗೋ ಹಾರ್ಮೋನು, ಮಿದುಳಲ್ಲಿ ಅದು ಮಾಡೋ ಕೆಲ್ಸ ಓದಿ ಬೆರಗಾಗ್ಹೋಯ್ತು. 2000ದಲ್ಲಿ ಅಮೆರಿಕದ ಎಮೊರಿ ಯೂನಿವರ್ಸಿಟಿಯವ್ರೆಲ್ಲ ಸೇರಿ ಆಕ್ಸಿಟೋಸಿನ್ ತಯಾರಿಸೋ ಜೀನೇ ಇಲ್ಲದ ಗಂಡಿಲಿಗಳನ್ನ ಸ್ಟಡಿ ಮಾಡಿದ್ರು. ಒಂದು ಹೆಣ್ಣಿಲೀನ 1 ನಿಮಿಷ ಹತ್ರ ಬಿಡೋದು, ತೆಗೆಯೋದು, 10 ನಿಮಿಷ ಆದ್ಮೇಲೆ ಮತ್ತೆ ಅದನ್ನೇ ಬಿಡೋದು, ಮಾಮೂಲಿ ಇಲಿ ಆದ್ರೆ ಬರ್ತಾ ಬರ್ತಾ ಮೂಸೋದು ಕಮ್ಮಿ ಮಾಡತ್ತೆ, ಇವು ಮಾತ್ರ ಪ್ರತಿ ಸಲ ಹೊಸಬರು ಬಂದ ಹಾಗೆ ಅಷ್ಟೇ ಹೊತ್ತು ಮೂಸ್ತಾನೇ ಇದ್ವು. ಮೂಗು ಚೆನ್ನಾಗಿದೆ, ದಾರಿ ನೆನಪಿರತ್ತೆ, ಬಚ್ಚಿಟ್ಟ ತಿಂಡೀನೂ ಹುಡುಕ್ತವೆ, ಕಂಡವರ ನೆನಪು ಮಾತ್ರ ಇಲ್ಲ, ಪಾಪ ಅನ್ನಿಸ್ತು. ಮೊದಲನೇ ಭೇಟಿಗೆ ಮುಂಚೆ ಮಿದುಳಿಗೆ ಆಕ್ಸಿಟೋಸಿನ್ ಕೊಟ್ರೆ ಗುರುತು ಹಿಡಿದ್ವು, ಭೇಟಿ ಮುಗಿದ್ಮೇಲೆ ಕೊಟ್ರೆ ಇಲ್ಲ! ಅಂದ್ರೆ ಪರಿಚಯ ಆಗೋ ಹೊತ್ತಲ್ಲೇ ಅದು ಅಲ್ಲಿರ್ಬೇಕು. ಮನುಷ್ಯರ ವಿಷ್ಯಕ್ಕೆ ಇದನ್ನ ಹಾಗ್ಹಾಗೇ ತಂದು ಅಂಟಿಸೋಕಾಗಲ್ಲ, ಆದ್ರೂ ಇಷ್ಟು ಚಿಕ್ಕ ಅಣುವಿನ ಮೇಲೆ ಒಂದು ಪ್ರಾಣಿ ಇನ್ನೊಂದರ ಗುರುತು ಹಿಡಿಯೋದೇ ನಿಂತಿದೆ ಅನ್ನೋದು ನಂಗಂತೂ ಬಹಳ ದೊಡ್ಡ ವಿಷ್ಯ.