ಬೀಜ ಮಾಡೋದು ಬೇರೆ, ಹಂಚೋದು ಬೇರೆ

ಕೃಷಿ ಪದವಿ ಮುಗಿಸಿ ನಾನು ಮೊದಲು ಸೇರಿದ್ದು ವಿಜಯಪುರ ಜಿಲ್ಲೆಯ ಒಂದು ಸಂಶೋಧನಾ ಹೊಲಕ್ಕೆ. ತಾತ್ಕಾಲಿಕ ಸಹಾಯಕ. ಜೋಳದ ತೆನೆಗೆ ಕಾಗದದ ಚೀಲ ಕಟ್ಟೋದು, ಚೀಟಿ ಬರೆಯೋದು, ಸಾಲು ಸಾಲು ನಿಂತು ಗಿಡದ ಎತ್ತರ ಅಳೆಯೋದು. ಮೂರು ಹಿಂಗಾರು ಅದೇ ಕೆಲಸ. ಆಮೇಲೆ ಪರೀಕ್ಷೆ ಬರೆದು ಕೃಷಿ ಇಲಾಖೆಗೆ ಬಂದೆ, ರೈತ ಸಂಪರ್ಕ ಕೇಂದ್ರದಲ್ಲಿ ಕುರ್ಚಿ ಸಿಕ್ಕಿತು. ಬೀಜದ ಬಗ್ಗೆ ನನಗೆ ಎಲ್ಲಾ ಗೊತ್ತು ಅಂದುಕೊಂಡೇ ಬಂದಿದ್ದೆ.

ಮೊದಲ ವರ್ಷ ಡೋಣಿ ನದಿ ಸಾಲಿನ ಒಂದು ಹಳ್ಳಿಗೆ ಹೋದೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅಂತಾರಲ್ಲ, ಆ ಎರೆಭೂಮಿ. ಗುಡಿ ಕಟ್ಟೆ ಮೇಲೆ ಇಪ್ಪತ್ತು ಜನ ಕೂತಿದ್ದರು. ಹೊಸ ತಳಿ, ಗಿಡ್ಡ ಗಿಡ, ಗಾಳಿಗೆ ಬೀಳಲ್ಲ, ಕಾಳು ಜಾಸ್ತಿ, ಎಕರೆಗೆ 3 ಕೆಜಿ ಬೀಜ ಸಾಕು ಅಂತ ಒಂದೇ ಉಸಿರಿಗೆ ಹೇಳಿದೆ. ಹಿಂದೆ ಕೂತಿದ್ದ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಸಾಹೇಬ್ರ, ಕಣಿಕಿ ಎಷ್ಟ್ ಬರತೈತಿ?" ಕಣಿಕಿ ಅಂದರೆ ಜೋಳದ ಒಣ ದಂಟು, ದನದ ಮೇವು.

ನಾನು ಮೂರು ವರ್ಷ ಸ್ಕೇಲ್ ಹಿಡಿದು ಎತ್ತರ ಅಳೆದವನು. ಆದರೆ ನಮ್ಮ ಪುಸ್ತಕದಲ್ಲಿ ಎತ್ತರ ಅಂದರೆ ದೋಷ, ಉದ್ದ ಗಿಡ ಬೀಳುತ್ತೆ ಅಂತ. ಅವರಿಗೆ ಎತ್ತರ ಅಂದರೆ ಬಣವೆ, ಬೇಸಿಗೆಯಲ್ಲಿ ಎತ್ತು ಎಮ್ಮೆಗೆ ಹಾಕೋ ಮೇವು. ಕಾಳು ನಾಲ್ಕು ಚೀಲ ಜಾಸ್ತಿ ಬಂದು ಮೇವು ಅರ್ಧ ಆದರೆ ಅದು ಲಾಭದ ಲೆಕ್ಕವೇ ಅಲ್ಲ. ಏನೋ ತಡವರಿಸಿ ಎದ್ದು ಬಂದೆ. ಇಲ್ಲಿನ ಜನ ಇವತ್ತಿಗೂ ಮಾಲದಂಡಿ ಬಿಡದೇ ಇರೋದಕ್ಕೆ ಇದೇ ಕಾರಣ. ಎಂ 35-1 ಅಂತ ನಾವು ಕರೆಯೋ ಆ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಊರ ಜೋಳದಿಂದಲೇ ಆರಿಸಿದ್ದು. ಅದಕ್ಕೆ ಕಾಳೂ ಇದೆ, ಕಣಿಕೆಯೂ ಇದೆ, ರೊಟ್ಟಿಯೂ ಚೆನ್ನಾಗಿ ಆಗುತ್ತೆ. ನಾವು ಓದಿದವರು ಇದಕ್ಕೆ "ರೈತರ ಹಿಂಜರಿಕೆ" ಅಂತ ವರದಿಯಲ್ಲಿ ಬರೀತೀವಿ.

ಆ ದಿನಗಳಲ್ಲೇ ಮಾಂಟಿ ಜೋನ್ಸ್ ನೆನಪಾದರು. ಕೃಷಿ ಓದಿದವರಿಗೆ ಈ ಹೆಸರು ಬರೀ ಪರೀಕ್ಷೆಯ ಒಂದು ಅಂಕ: 2004ರ ವಿಶ್ವ ಆಹಾರ ಪ್ರಶಸ್ತಿ ಯಾರಿಗೆ? ಚೀನಾದ ಯುವಾನ್ ಲಾಂಗ್‌ಪಿಂಗ್ ಮತ್ತು ಸಿಯೆರಾ ಲಿಯೋನ್‌ನ ಮಾಂಟಿ ಜೋನ್ಸ್. ಮೊದಲನೆಯವರು ಹೈಬ್ರಿಡ್ ಭತ್ತದವರು ಅಂತ ಎಲ್ಲರಿಗೂ ಗೊತ್ತು, ಎರಡನೆಯವರು ಏನು ಮಾಡಿದರು ಅಂತ ನಾನು ಯಾವತ್ತೂ ನೋಡಿರಲಿಲ್ಲ. ನೋಡಿದಾಗ ಕುತೂಹಲ ಹತ್ತಿತು. ಯಾಕಂದರೆ ಅವರೂ ಹೊಲ ಬಿಟ್ಟು ಕುರ್ಚಿಗೆ ಬಂದವರು. ಅವರ ಕುರ್ಚಿ ಕೃಷಿ ಮಂತ್ರಿಯದು, ನನ್ನದು ಹೋಬಳಿಯದು, ಅಷ್ಟೇ ವ್ಯತ್ಯಾಸ.

1991ರಲ್ಲಿ ಅವರು ಪಶ್ಚಿಮ ಆಫ್ರಿಕಾದ ಭತ್ತ ಸಂಶೋಧನಾ ಸಂಸ್ಥೆ ಸೇರಿದರು, ಕೆಲಸ ಐವರಿ ಕೋಸ್ಟ್‌ನಲ್ಲಿ. ಆಫ್ರಿಕಾಕ್ಕೆ ತನ್ನದೇ ಆದ ಭತ್ತ ಇದೆ, ನಮ್ಮ ಏಷ್ಯಾದ ಭತ್ತದಿಂದ ಬೇರೆ ಜಾತಿ. ಕಳೆಯನ್ನು ತುಳಿದು ಬೆಳೆಯುತ್ತೆ, ರೋಗ, ಬರ ತಡೆಯುತ್ತೆ, ಆದರೆ ಇಳುವರಿ ಕಡಿಮೆ, ಕಾಳು ಉದುರಿ ಹೋಗುತ್ತೆ. ಏಷ್ಯಾದ್ದು ಇಳುವರಿ ಕೊಡುತ್ತೆ, ಆದರೆ ಅಲ್ಲಿನ ಒಣ ಹೊಲದಲ್ಲಿ ನರಳುತ್ತೆ. ಎರಡನ್ನೂ ಕೂಡಿಸಿದರೆ ಮರಿ ಬಂಜೆ. ಜೋನ್ಸ್ ತಂಡ ಮತ್ತೆ ಮತ್ತೆ ಏಷ್ಯಾದ ತಳಿಯ ಜೊತೆಗೇ ಕೂಡಿಸಿ, ಪರಾಗಕೋಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಕಾಳು ಕಟ್ಟುವ ಗಿಡ ತೆಗೆಯಿತು. ಅದೇ ನೆರಿಕಾ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಅದನ್ನು ರೈತರಿಗೆ ಮುಟ್ಟಿಸಿದ ರೀತಿ. ಮೊದಲ ವರ್ಷ ಊರಿನ ಹತ್ತಿರ ಒಂದು ಹೊಲದಲ್ಲಿ ಹಲವು ತಳಿ ಒಟ್ಟಿಗೆ ಹಾಕಿ, ರೈತರನ್ನು, ಮುಖ್ಯವಾಗಿ ಹೆಂಗಸರನ್ನು, ಕರೆದು ನೀವೇ ಆರಿಸಿ ಅಂದರು. ಎರಡನೇ ವರ್ಷ ಆರಿಸಿದ್ದನ್ನು ಅವರವರ ಹೊಲದಲ್ಲೇ ಬಿತ್ತಿಸಿದರು. ಮೂರನೇ ವರ್ಷ ಬೀಜಕ್ಕೆ ದುಡ್ಡು ಕೇಳಿದರು! ಪುಕ್ಕಟೆ ಕೊಟ್ಟರೆ ಎಲ್ಲರೂ ಹೂಂ ಅಂತಾರೆ, ಜೇಬಿನಿಂದ ದುಡ್ಡು ತೆಗೆಯುವಾಗ ತಾನೇ ನಿಜ ಗೊತ್ತಾಗೋದು. ಸಬ್ಸಿಡಿ ಚೀಲ ಹಂಚಿ "ಗುರಿ ಸಾಧನೆ" ಅಂತ ಬರೆಯುವ ನನ್ನಂಥವನಿಗೆ ಇದು ಚುಚ್ಚಿತು. ನೆರಿಕಾಕ್ಕೆ ಹೊಗಳಿಕೆ ಜಾಸ್ತಿ ಆಯ್ತು ಅನ್ನೋ ಟೀಕೆಯೂ ಇದೆ, ಇರಲಿ.

2016ರಲ್ಲಿ ಅವರು ಸಿಯೆರಾ ಲಿಯೋನ್‌ನ ಕೃಷಿ ಮಂತ್ರಿ ಆದರು. ಎಬೋಲಾ ರೋಗದಿಂದ ದೇಶ ಆಗತಾನೇ ಎದ್ದಿತ್ತು. ಅಕ್ಕಿಯೇ ಮುಖ್ಯ ಊಟ, ಆದರೂ ಹೊರಗಿನಿಂದ ತರಿಸಬೇಕು. 2018ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಒಂದು ತಳಿಗೆ ಹತ್ತಿರ ಹತ್ತು ವರ್ಷ ಕೊಟ್ಟ ಮನುಷ್ಯನಿಗೆ ಮಂತ್ರಿಯಾಗಿ ಸಿಕ್ಕಿದ್ದು ಎರಡು ವರ್ಷದ ಆಸುಪಾಸು. ಅಂದರೆ ಎರಡೇ ಬಿತ್ತನೆ. ವಿಜ್ಞಾನಿ ಮಂತ್ರಿಯಾದರೆ ಎಲ್ಲಾ ಸರಿಹೋಗುತ್ತೆ ಅಂತ ನಾವು ಸುಮ್ನೆ ಹೇಳ್ತೀವಿ, ಅಲ್ವಾ? ಹೊಲದಲ್ಲಿ ತಪ್ಪಾದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು, ಕುರ್ಚಿ ಮುಂದಿನ ವರ್ಷ ಇರುತ್ತೋ ಇಲ್ಲವೋ.

ಒಂದೊಂದು ದಿನದ ಬೆಲೆ ನನಗೂ ಎರಡನೇ ವರ್ಷ ಗೊತ್ತಾಯಿತು. ಇಂಡೆಂಟ್, ಅಂದರೆ ಇಷ್ಟು ಬೀಜ ಬೇಕು ಅನ್ನೋ ಬೇಡಿಕೆ ಪಟ್ಟಿ, ಕಳಿಸಿದ್ದೆ, ಒಂದು ಸಹಿ ಎಲ್ಲೋ ನಿಂತಿತು, ಲಾರಿ ಬಂದಾಗ ಅಕ್ಟೋಬರ್ ಕೊನೆ. ಅಷ್ಟರಲ್ಲಿ ಹಸಿ ಆರಿತ್ತು, ಕೂರಿಗೆ ಮನೆ ಸೇರಿತ್ತು, ಎಲ್ಲರೂ ಮನೆ ಬೀಜ ಬಿತ್ತಿ ಮುಗಿಸಿದ್ದರು. ಚೀಲಗಳು ಗೋದಾಮಿನಲ್ಲೇ ಉಳಿದವು, ವಿವರಣೆ ಬರೆದದ್ದು ನಾನು. ಆಮೇಲಿಂದ ಇಂಡೆಂಟನ್ನು ನಾಗರ ಪಂಚಮಿಗೂ ಮೊದಲೇ ಕಳಿಸ್ತೀನಿ, ವಾರಕ್ಕೊಮ್ಮೆ ಫೋನ್ ಮಾಡಿ ಬೈಸಿಕೊಳ್ತೀನಿ.

ಕಳೆದ ವರ್ಷ ಜೋನ್ಸ್ ಥರ ಒಂದು ಸಣ್ಣ ಪ್ರಯತ್ನ ಮಾಡಿದೆ. ಮೂರು ತಳಿಯ ಹಿಟ್ಟು, ಹೆಸರಿಲ್ಲದ ಮೂರು ಡಬ್ಬಿ, ಅದೇ ಡೋಣಿ ಸಾಲಿನ ಹಳ್ಳಿ. ಹೆಂಗಸರು ಎಸರಿಟ್ಟು, ನಾದಿ, ರೊಟ್ಟಿ ಬಡಿದರು. ಒಬ್ಬ ಅಜ್ಜಿ ಎರಡನೇ ಡಬ್ಬಿಯ ಹಿಟ್ಟು ಮುಟ್ಟಿ ನೋಡಿಯೇ ಬದಿಗೆ ಸರಿಸಿದರು. "ಇದಕ್ಕ ಜಿಗಿ ಇಲ್ಲ ತಮ್ಮಾ, ಅಂಚು ಸೀಳತೈತಿ." ಬಡಿದು ನೋಡಿದರೆ ಸೀಳಿಯೇ ಬಿಟ್ಟಿತು. ನಾನು ಅತಿ ಹೆಚ್ಚು ಹೊಗಳಿದ್ದ ತಳಿ ಅದೇ.

ವರದಿಯ ನಮೂನೆಯಲ್ಲಿ ಎತ್ತರಕ್ಕೆ ಕಾಲಂ ಇದೆ, ದಿನಕ್ಕೆ ಇದೆ, ಇಳುವರಿಗೆ ಇದೆ. ರೊಟ್ಟಿಗೆ ಇಲ್ಲ. ಷರಾ ಕಾಲಂನಲ್ಲಿ ಅಜ್ಜಿಯ ಮಾತನ್ನು ಹಾಗೇ ಬರೆದು ಕಳಿಸಿದೆ. ಮೇಲಿನಿಂದ ಫೋನ್ ಬಂತು, "ಏನ್ರೀ ಇದು, ಜಿಗಿ ಅಂದರೆ ಏನು?" ಅಂತ.