ಖಳನನ್ನು ಬೆಳೆಸುವ ಎರಡನೆಯ ಕೈ

ನನ್ನ ಅಕ್ಕನ ಮಗನಿಗೆ ಬ್ಯಾಟ್‌ಮ್ಯಾನ್‌ನ ಹಳೆಯ ಎದುರಾಳಿ ಜೋಕರ್ ಎಂದರೆ ಬೇಸರ. ಕಳೆದ ತಿಂಗಳು ಒಂದು ಭಾನುವಾರ ನನ್ನ ಕಾಮಿಕ್ಸ್ ಸಂಗ್ರಹವನ್ನೆಲ್ಲ ಕಪಾಟಿನಿಂದ ಇಳಿಸಿ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದೆವು. “ಚಿಕ್ಕಮ್ಮ, ಎಂಬತ್ತು ವರ್ಷಗಳಿಂದ ಇವನೊಬ್ಬನೇ ಏನು? ಹೊಸಬರು ಯಾರೂ ಹುಟ್ಟಲೇ ಇಲ್ಲವೇ?” ಎಂದು ಕೇಳಿದ. ಪ್ರಶ್ನೆ ನನಗೆ ಹಿಡಿಸಿತು. ಹಳೆಯ ಖಳರದ್ದು ಒಂದು ಸಾಲು, ಹೊಸ ಖಳರದ್ದು ಇನ್ನೊಂದು ಸಾಲು ಎಂದು ಪುಸ್ತಕಗಳನ್ನು ಬೇರೆ ಮಾಡತೊಡಗಿದೆವು. ಕೆಲಸ ರಾತ್ರಿಯವರೆಗೂ ಎಳೆಯಿತು. ಗೆರೆ ಎಲ್ಲಿ ಹಾಕಬೇಕು ಎಂಬಲ್ಲೇ ಜಗಳ. ಸ್ಪೈಡರ್‌ಮ್ಯಾನ್‌ನ ಎದುರಾಳಿ ವೆನಮ್ 1988ರವನು, ಬ್ಯಾಟ್‌ಮ್ಯಾನ್‌ನ ಎದುರಾಳಿ ಬೇನ್ 1993ರವನು. ಅವರು ಬಂದಾಗ ನಾನು ಆಗಲೇ ಓದುತ್ತಿದ್ದುದರಿಂದ ನನಗೆ ಇಬ್ಬರೂ ಹೊಸಬರೇ. ಅವನ ಲೆಕ್ಕದಲ್ಲಿ ತಾನು ಹುಟ್ಟುವ ಮೊದಲೇ ಇದ್ದವರೆಲ್ಲ ಹಳಬರು.

ಜೋಕರ್‌ನ ಪರವಾಗಿ ನಾನು ಒಂದು ಮಾತು ಹೇಳಿದೆ. 1940ರಲ್ಲಿ ಬ್ಯಾಟ್‌ಮ್ಯಾನ್‌ನ ಮೊದಲ ಸಂಚಿಕೆಯಲ್ಲಿ ಬಂದ ಅವನು ಅದೇ ಸಂಚಿಕೆಯಲ್ಲಿ ಸಾಯಬೇಕಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಅವನಿನ್ನೂ ಬದುಕಿದ್ದಾನೆ ಎಂದು ತೋರಿಸುವ ಒಂದು ಚೌಕಟ್ಟನ್ನು ಕೊನೆಗೆ ಸೇರಿಸಲಾಯಿತು. ಆ ಚೌಕಟ್ಟು ಇಲ್ಲದಿದ್ದರೆ ಇವತ್ತು ನಾವು ಬೇಸರಪಟ್ಟುಕೊಳ್ಳಲು ಜೋಕರನೇ ಇರುತ್ತಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಹಳೆಯ ಖಳರು ಹುಟ್ಟುವಾಗಲೇ ದೊಡ್ಡವರಾಗಿದ್ದರು ಎಂದು ಅನೇಕರು ನಂಬಿದ್ದಾರೆ. ಆ ಹೊತ್ತಿನ ಪುಟಗಳನ್ನು ತೆರೆದು ನೋಡಿದರೆ ಹಾಗಿಲ್ಲ. 1959ರಲ್ಲಿ ಬ್ಯಾಟ್‌ಮ್ಯಾನ್‌ನ ಕಥೆಗೆ ಮಿಸ್ಟರ್ ಝೀರೋ ಎಂಬ ಹೆಸರಿನಲ್ಲಿ ಬಂದ ಕಳ್ಳನ ಕೈಯಲ್ಲಿ ಹಿಮದ ಬಂದೂಕು ಇತ್ತು, ಅಷ್ಟೇ. ಅವನೇ ಮುಂದೆ ಮಿಸ್ಟರ್ ಫ್ರೀಝ್ ಆದ. ಕಾಯಿಲೆ ಬಿದ್ದ ಹೆಂಡತಿ ನೋರಾಳನ್ನು ಹಿಮದಲ್ಲಿ ಉಳಿಸಿಕೊಂಡು ಕಾಯುವ ಮನುಷ್ಯನಾಗಿ ಅವನನ್ನು ಬದಲಿಸಿದ್ದು 1992ರಲ್ಲಿ, ಟಿವಿಯ ಅನಿಮೇಷನ್ ಸರಣಿಗಾಗಿ ಬರೆದ ಪಾಲ್ ಡಿನಿ. ಕಿಂಗ್‌ಪಿನ್ 1967ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಎದುರಾದ ಒಬ್ಬ ದಪ್ಪ ಗ್ಯಾಂಗ್ ನಾಯಕ. ಎಂಬತ್ತರ ದಶಕದಲ್ಲಿ ಫ್ರಾಂಕ್ ಮಿಲ್ಲರ್ ಅವನನ್ನು, ಹಗಲು ವಕೀಲನಾಗಿರುವ ನಾಯಕ ಡೇರ್‌ಡೆವಿಲ್‌ನ ಕಥೆಗೆ ಎತ್ತಿಕೊಂಡು ಹೋದ ಮೇಲೆ ಅವನು ಕೈ ಎತ್ತದೆಯೇ ಒಬ್ಬನ ಮನೆ, ವಕೀಲಿಕೆ, ಬ್ಯಾಂಕ್ ಖಾತೆ ಎಲ್ಲವನ್ನೂ ಕಿತ್ತುಕೊಳ್ಳಬಲ್ಲವನಾದ. ಹುಟ್ಟಿಸಿದವರು ಒಬ್ಬರು, ಬೆಳೆಸಿದವರು ಇನ್ನೊಬ್ಬರು.

ಎಕ್ಸ್‌ಮೆನ್ ಎಂಬ ವೀರರ ಗುಂಪಿನ ಎದುರಾಳಿ ಮ್ಯಾಗ್ನೆಟೋನ ಪುಸ್ತಕ ಕೈಗೆ ಬಂದಾಗ ನಾನು ಬೇರೆ ಮಾಡುವ ಕೆಲಸ ಬಿಟ್ಟು ಓದತೊಡಗಿದೆ. 1963ರ ಮ್ಯಾಗ್ನೆಟೋ ಲೋಕವನ್ನೇ ಗೆಲ್ಲುತ್ತೇನೆ ಎಂದು ಕೂಗಾಡುವವನು. 1981ರಲ್ಲಿ, ಎಕ್ಸ್‌ಮೆನ್‌ನ 150ನೆಯ ಸಂಚಿಕೆಯಲ್ಲಿ, ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೆ ನಾಝಿಗಳ ಸಾವಿನ ಶಿಬಿರವಾದ ಆಷ್‌ವಿಟ್ಸ್‌ನ ಬಾಲ್ಯವನ್ನು ಕೊಟ್ಟರು. ಕಾದಾಟದ ನಡುವೆ ಅವನ ಹೊಡೆತಕ್ಕೆ ಆ ಗುಂಪಿನ ಹುಡುಗಿ ಕಿಟ್ಟಿ ಪ್ರೈಡ್ ಕುಸಿದು ಬೀಳುತ್ತಾಳೆ. ಅವಳಿಗೆ ಹದಿಮೂರರ ಆಸುಪಾಸು. ಅವಳು ಸತ್ತೇಹೋದಳು ಎಂದುಕೊಂಡ ಅವನು ಆ ದೇಹವನ್ನು ಎತ್ತಿ ಹಿಡಿದು ನಿಲ್ಲುತ್ತಾನೆ. ತಾನು ಕೊಂದದ್ದು ಒಂದು ಮಗುವನ್ನು ಎಂಬುದು ಆಗ ಅವನಿಗೆ ಹೊಳೆಯುತ್ತದೆ. ಮಕ್ಕಳನ್ನು ಕೊಂದವರಿಂದ ತಪ್ಪಿಸಿಕೊಂಡು ಬಂದವನು ಅವನು. ಆ ಪುಟದ ಮುಂದೆ ಹುಡುಗನೂ ಸುಮ್ಮನಾದ. ಹದಿನೆಂಟು ವರ್ಷ ಸುಮ್ಮನೆ ಆರ್ಭಟಿಸಿಕೊಂಡಿದ್ದ ಪಾತ್ರಕ್ಕೆ ಅಲ್ಲಿ ಜೀವ ಬಂತು.

ಮಧ್ಯಾಹ್ನ ಅವನ ಸರದಿ. ಡೂಮ್ಸ್‌ಡೇಯನ್ನು ಹಿಡಿದುಕೊಂಡು ಬಂದ. “ಇವನು ಸೂಪರ್‌ಮ್ಯಾನ್‌ನನ್ನೇ ಕೊಂದ. ಲೆಕ್ಸ್ ಲೂಥರ್‌ಗೆ ಐವತ್ತು ವರ್ಷದಲ್ಲಿ ಆಗದ್ದು ಇವನಿಂದ ಆಯಿತು” ಎಂದ. ಲೂಥರ್ ಸೂಪರ್‌ಮ್ಯಾನ್‌ನ ಹಳೆಯ ಹಗೆ. ಮಾತು ನಿಜ. ಆ ಕಥೆಯ ಕಟ್ಟುವಿಕೆಯನ್ನೂ ನಾನು ಮೆಚ್ಚುತ್ತೇನೆ: ಕೊನೆಯ ಕಾದಾಟದಲ್ಲಿ ಒಂದು ಸಂಚಿಕೆಯ ಪುಟಗಳಲ್ಲಿ ನಾಲ್ಕು ನಾಲ್ಕು ಚೌಕಟ್ಟು, ಮುಂದಿನದರಲ್ಲಿ ಮೂರು, ಆಮೇಲೆ ಎರಡು. 1992ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದ 75ನೆಯ ಸಂಚಿಕೆಯಲ್ಲಿ ಪುಟಕ್ಕೆ ಒಂದೇ ಚಿತ್ರ. ಸಾವು ಹತ್ತಿರ ಬಂದಷ್ಟೂ ಚಿತ್ರ ದೊಡ್ಡದಾಗುತ್ತದೆ, ಪುಟ ಬೇಗ ಬೇಗ ಮಗುಚುತ್ತದೆ. ಆದರೆ ಕೊಂದವನು ಯಾರು? ಅವನಿಗೆ ಮಾತಿಲ್ಲ, ಹಗೆಗೆ ಕಾರಣವಿಲ್ಲ, ಬರೀ ಮುಷ್ಟಿ. ಸೂಪರ್‌ಮ್ಯಾನ್ ಇರುವುದೇ ತನಗೆ ಅವಮಾನ ಎಂದುಕೊಂಡಿರುವ ಲೂಥರ್‌ನ ಬಾಯಲ್ಲಿ ನೂರು ಕಥೆಗಳು ಹುಟ್ಟುತ್ತವೆ. ಡೂಮ್ಸ್‌ಡೇಯ ಬಳಿ ಒಂದೇ ಕಥೆ ಇತ್ತು, ಅದು ಆ ಸಂಚಿಕೆಯಲ್ಲೇ ಖರ್ಚಾಯಿತು.

ಬೇನ್‌ನದು ಬೇರೆ. ಬಂದವನೇ ಬ್ಯಾಟ್‌ಮ್ಯಾನ್‌ನ ಮೇಲೆ ಬೀಳುವುದಿಲ್ಲ. ಖಳರನ್ನು ಕೂಡಿಹಾಕಿದ್ದ ಆರ್ಕಮ್ ಎಂಬ ಹುಚ್ಚಾಸ್ಪತ್ರೆಯ ಗೋಡೆ ಒಡೆದು ಹಳೆಯ ಖಳರನ್ನೆಲ್ಲ ಊರಿನ ಮೇಲೆ ಬಿಡುತ್ತಾನೆ. ಒಬ್ಬೊಬ್ಬರನ್ನಾಗಿ ಹಿಡಿದು ತಂದು ಬ್ಯಾಟ್‌ಮ್ಯಾನ್ ಸುಸ್ತಾಗುವವರೆಗೆ ಕಾದು, ಆಮೇಲೆ ಅವನ ಬೆನ್ನು ಮುರಿಯುತ್ತಾನೆ. ಹೊಸ ಖಳ ಹಳಬರನ್ನೇ ಆಯುಧ ಮಾಡಿಕೊಂಡ ಈ ಯೋಚನೆಗೆ ನಾನು ಇಂದಿಗೂ ತಲೆದೂಗುತ್ತೇನೆ. ಬೆನ್ನು ಮುರಿದ ಮೇಲೆ ಅವನಿಗೆ ಉಳಿದ ಕೆಲಸವೇನು ಎಂಬುದು ಬಹಳ ಕಾಲ ಯಾರಿಗೂ ತೋಚಿದಂತಿರಲಿಲ್ಲ. 2008ರಿಂದ ಗೇಲ್ ಸಿಮೋನ್ ಅವನನ್ನು ಸೀಕ್ರೆಟ್ ಸಿಕ್ಸ್ ಎಂಬ ಖಳರ ಗುಂಪಿಗೆ ಸೇರಿಸಿ, ಸ್ಕ್ಯಾಂಡಲ್ ಎಂಬ ಹೆಣ್ಣುಮಗಳ ಬಗ್ಗೆ ತಂದೆಯಂತೆ ಕಾಳಜಿ ಮಾಡುವವನಾಗಿಸಿದರು. ಎರಡನೆಯ ಕೈ ಎಂದರೆ ಇದೇ.

ಈಗ ಬರುವ ಎಷ್ಟೋ ಹೊಸ ಖಳರಿಗೆ ಈ ಭಾಗ್ಯವಿಲ್ಲ. ಅವರನ್ನು ಹುಟ್ಟಿಸಿದ ಬರಹಗಾರ ಸರಣಿ ಬಿಟ್ಟು ಹೋದ ದಿನವೇ ಅವರ ಕಥೆಯೂ ಮುಗಿಯುತ್ತದೆ. ಹೊಸದಾಗಿ ಬಂದವರು ತಾವು ಚಿಕ್ಕಂದಿನಲ್ಲಿ ಓದಿ ಪ್ರೀತಿಸಿದ ಜೋಕರನನ್ನೇ ಬರೆಯಬಯಸುತ್ತಾರೆ. ದುಡ್ಡಿನ ಕಾರಣವೂ ಇದೆ. ದೊಡ್ಡ ಪ್ರಕಾಶಕರಿಗಾಗಿ ಬರೆದ ಪಾತ್ರ ಪ್ರಕಾಶಕರದ್ದೇ ಆಗುತ್ತದೆ. ವೆನಮ್‌ನ ರೂಪ ಬರೆದ ಟಾಡ್ ಮೆಕ್‌ಫರ್ಲೇನ್ ಕೆಲವು ಕಲಾವಿದರೊಂದಿಗೆ ಹೊರಬಂದು 1992ರಲ್ಲಿ ಇಮೇಜ್ ಕಾಮಿಕ್ಸ್ ಕಟ್ಟಿ ಸ್ಪಾನ್‌ನನ್ನು ತಂದದ್ದು ಅದಕ್ಕೇ. ಒಳ್ಳೆಯ ಹೊಸ ಪಾತ್ರ ಹೊಳೆದರೆ ಅದನ್ನು ತನ್ನ ಸ್ವಂತ ಪುಸ್ತಕಕ್ಕೆ ಇಟ್ಟುಕೊಳ್ಳುವ ಬರಹಗಾರನನ್ನು ನಾನು ದೂರಲಾರೆ. ನನಗೆ ಸಿಟ್ಟು ಬರುವುದು ಹಳಬರನ್ನೇ ಕತ್ತರಿಸಿ ಅಂಟಿಸಿ ಹೊಸಬ ಎಂದು ಕೊಟ್ಟಾಗ. 2017ರಲ್ಲಿ ಬಂದ ‘ನಗುವ ಬ್ಯಾಟ್‌ಮ್ಯಾನ್’ ಬ್ಯಾಟ್‌ಮ್ಯಾನ್ ಮತ್ತು ಜೋಕರ್‌ನ ಬೆರಕೆ. ನೋಡಲು ಭಯಂಕರ, ಆದರೆ ಅವನ ಬಾಯಲ್ಲಿ ಅವನದೇ ಆದ ಒಂದು ಮಾತೂ ನನಗೆ ಸಿಗಲಿಲ್ಲ.

ಸಂಜೆ ಹುಡುಗನಿಗೆ ‘ಗೂಬೆಗಳ ಸಭೆ’ ಎಂಬ ಗುಪ್ತ ಕೂಟವನ್ನು ಬ್ಯಾಟ್‌ಮ್ಯಾನ್ ಎದುರಿಸುವ ಕಥೆಯ ಐದನೆಯ ಸಂಚಿಕೆ ಕೊಟ್ಟೆ. ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲ್ಲೋ ಚಿತ್ರಿಸಿದ್ದು, 2012ರ ಜನವರಿಯದು. ಬಿಳಿ ಅಮೃತಶಿಲೆಯ ಚಕ್ರವ್ಯೂಹದಲ್ಲಿ ಬ್ಯಾಟ್‌ಮ್ಯಾನ್ ದಾರಿ ತಪ್ಪಿದ್ದಾನೆ. ಓದುತ್ತ ಓದುತ್ತ ಹುಡುಗ ಪುಸ್ತಕವನ್ನು ಅಡ್ಡ ತಿರುಗಿಸಿದ. ಸ್ವಲ್ಪ ಹೊತ್ತಿಗೆ ತಲೆಕೆಳಗು ಮಾಡಿದ. ಬ್ಯಾಟ್‌ಮ್ಯಾನ್‌ನ ಬುದ್ಧಿ ತಿರುಗಿದಂತೆ ಪುಟಗಳೂ ತಿರುಗುತ್ತವೆ. ಯಾವ ಕಡೆಯಿಂದ ಮಗುಚಬೇಕು ಎಂಬುದೇ ಮರೆತು ಅವನು ಒಮ್ಮೆ ಹಿಂದಕ್ಕೆ ಹೋಗಿಬಿಟ್ಟ. ನಾನು ಮಾತನಾಡದೆ ಅವನ ಕೈಗಳನ್ನೇ ನೋಡುತ್ತಿದ್ದೆ. ಗಾಥಮ್ ತನ್ನ ಊರು ಎಂದುಕೊಂಡವನಿಗೆ ಅದರ ಕಟ್ಟಡಗಳ ಹದಿಮೂರನೆಯ ಅಂತಸ್ತಿನಲ್ಲಿ ಶತ್ರುಗಳು ತಲೆಮಾರುಗಳಿಂದ ಅಡಗಿದ್ದರು ಎಂದು ತಿಳಿಯುವ ಕಥೆ ಅದು. ಜೋಕರ್ ಕೊಡಲಾಗದ ನೋವನ್ನು ಇವರು ಕೊಟ್ಟರು. ಹೊಸ ಖಳನಿಂದ ನಾನು ಕೇಳುವುದು ಅದನ್ನೇ.

“ಹಾಗಾದರೆ ಗಾರ್?” ಎಂದ ಅವನು, ಪುಸ್ತಕ ಕೆಳಗಿಡುತ್ತ. ಗಾರ್ 2012ರಲ್ಲಿ ಥಾರ್‌ನ ಕಥೆಗೆ ಬಂದ ದೇವಹಂತಕ. ಹೆಂಡತಿ ಮಕ್ಕಳು ಸಾಯುವಾಗ ಎಷ್ಟು ಮೊರೆಯಿಟ್ಟರೂ ಯಾವ ದೇವರೂ ಬರಲಿಲ್ಲ, ಆದ್ದರಿಂದ ದೇವರುಗಳನ್ನೆಲ್ಲ ಕೊಲ್ಲಲು ಹೊರಟವನು. ಆ ಕಥೆಯಲ್ಲೇ ಅವನು ಸಾಯುತ್ತಾನೆ. ಮುಂದೆ ಯಾರೋ ಕಿವಿಯಲ್ಲಿ ಉಸುರಿದ ಒಂದು ಮಾತಿಗೆ ಥಾರ್ ತನ್ನ ಸುತ್ತಿಗೆ ಎತ್ತಲಾರದವನಾಗುತ್ತಾನೆ. ಆ ಮಾತು ‘ಗಾರ್ ಹೇಳಿದ್ದೇ ಸರಿ’ ಎಂಬುದಾಗಿತ್ತು ಎಂದು ವರ್ಷಗಳ ಬಳಿಕ ಓದುಗರಿಗೆ ತಿಳಿಯುತ್ತದೆ. “ಇವನನ್ನು ಹುಟ್ಟಿಸಿದವರೂ ಜೇಸನ್ ಆರನ್, ಬೆಳೆಸಿದವರೂ ಅವರೇ. ಎರಡನೆಯ ಕೈ ಎಲ್ಲಿ ಬಂತು ಚಿಕ್ಕಮ್ಮ?” ಎಂದು ಹಿಡಿದ ಪಟ್ಟು ಬಿಡಲಿಲ್ಲ.

ಆರನ್ 2012ರಿಂದ 2019ರವರೆಗೆ ಥಾರ್‌ನ ಕಥೆಯನ್ನು ಬರೆದರು ಎಂದೆ. ಒಬ್ಬರೇ ಆದರೂ ಆ ಮೊದಲ ಕಥೆ ಬರೆದವರಿಗೂ ಸುತ್ತಿಗೆ ಬಿದ್ದ ಗುಟ್ಟು ಬಿಚ್ಚಿದವರಿಗೂ ನಡುವೆ ಕೆಲವು ವರ್ಷಗಳ ಅಂತರವಿದೆ. ಅಷ್ಟು ಕಾಲ ಒಂದೇ ಸರಣಿ ಒಬ್ಬರ ಕೈಯಲ್ಲಿ ಉಳಿಯುವುದು ಅಪರೂಪ. ಅವನು ಒಪ್ಪಲಿಲ್ಲ. ಗಾರ್‌ನನ್ನು ನನ್ನ ಸಾಲಿನಿಂದ ಎತ್ತಿ, ಎರಡೂ ಸಾಲುಗಳಿಂದ ದೂರ, ಬೇರೆಯಾಗಿ ಇಟ್ಟ.