ಖುಲಾಸೆಗಳ ಸಾಲು

ಹಿಟ್ಲರ್ ಬಗ್ಗೆ ನಮ್ಮ ಕಡೆ ಯಾರನ್ನು ಕೇಳಿದರೂ ನಾಲ್ಕು ಮಾತು ಹೇಳುತ್ತಾರೆ. ಅದೇ ಕಾಲದ ರೊಮೇನಿಯಾ ಬಗ್ಗೆ ಕೇಳಿದರೆ ಹೆಚ್ಚಿನವರಿಗೆ ಏನೂ ಗೊತ್ತಿರುವುದಿಲ್ಲ. ನಾನು ಧಾರವಾಡದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಇತಿಹಾಸ ನನ್ನ ಕಸುಬಲ್ಲ. ಆದರೂ ಎರಡು ಮಹಾಯುದ್ಧಗಳ ನಡುವಿನ ರೊಮೇನಿಯಾ ಬಗ್ಗೆ ಓದುತ್ತಾ ಹೋದಂತೆ, ಅಲ್ಲಿನ ಪಕ್ಷ, ಭಾಷಣ, ಮೆರವಣಿಗೆಗಳಿಗಿಂತ ಜಾಸ್ತಿ ಅಲ್ಲಿನ ಕೋರ್ಟುಗಳೇ ನನ್ನ ನಿದ್ದೆ ಕೆಡಿಸಿದವು.

ಮೊದಲು ಸ್ವಲ್ಪ ಹಿನ್ನೆಲೆ. 1866ರ ರೊಮೇನಿಯಾ ಸಂವಿಧಾನದ 7ನೇ ವಿಧಿಯ ಪ್ರಕಾರ, ಹೊರಗಿನವರಲ್ಲಿ ಕ್ರೈಸ್ತರಿಗೆ ಮಾತ್ರ ಪೌರತ್ವ ಸಿಗುತ್ತಿತ್ತು. ಅಲ್ಲೇ ಹುಟ್ಟಿ ಬೆಳೆದ ಯಹೂದಿಗಳೂ ಕಾನೂನಿನ ಕಣ್ಣಲ್ಲಿ ಹೊರಗಿನವರೇ. ಮೊದಲ ಮಹಾಯುದ್ಧ ಮುಗಿದಾಗ ದೇಶ ಸುಮಾರು ಎರಡು ಪಟ್ಟು ದೊಡ್ಡದಾಯಿತು. ಗೆದ್ದ ರಾಷ್ಟ್ರಗಳ ಒತ್ತಾಯವೂ ಸೇರಿ, 1923ರ ಸಂವಿಧಾನದಲ್ಲಿ ಯಹೂದಿಗಳಿಗೆ ಸಮಾನ ಹಕ್ಕು ಬಂತು. 1930ರ ಜನಗಣತಿಯಲ್ಲಿ ಅವರು ಏಳೂವರೆ ಲಕ್ಷ, ಒಟ್ಟು ಜನಸಂಖ್ಯೆಯ ಶೇ. 4ರಷ್ಟು.

ಈ ಸಮಾನ ಹಕ್ಕಿನ ಮಾತಿಗೇ ಎಲ್ಲರಿಗಿಂತ ಮೊದಲು ರೊಚ್ಚಿಗೆದ್ದದ್ದು ಕಾಲೇಜುಗಳು. 1922ರ ಕೊನೆಯಲ್ಲಿ ಕ್ಲುಜ್ ನಗರದ ವೈದ್ಯಕೀಯ ವಿದ್ಯಾರ್ಥಿಗಳು ಒಂದು ಬೇಡಿಕೆ ಇಟ್ಟರು. ಅಂಗಛೇದನದ ತರಗತಿಯಲ್ಲಿ ಯಹೂದಿ ವಿದ್ಯಾರ್ಥಿಗಳು ಯಹೂದಿಗಳ ಹೆಣ ಮಾತ್ರ ಮುಟ್ಟಬೇಕು, ಕ್ರೈಸ್ತರ ಹೆಣ ಮುಟ್ಟಬಾರದು ಅಂತ. ಡಾಕ್ಟರಾಗಲು ಹೊರಟವರ ಬೇಡಿಕೆ ಇದು! ಅದೇ ಡಿಸೆಂಬರ್ 10ರಂದು ದೇಶದ ಎಲ್ಲ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬೀದಿಗಿಳಿದರು. ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿ ಅನ್ನುವುದು ಮುಖ್ಯ ಕೂಗು.

ಹುಡುಗರ ಬೆನ್ನಿಗೆ ಮೇಷ್ಟ್ರುಗಳಿದ್ದರು. ಯಾಶ್ ನಗರದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಎ.ಸಿ. ಕೂಜಾ 1923ರಲ್ಲಿ ಯಹೂದಿ ವಿರೋಧಕ್ಕೆಂದೇ ಒಂದು ಪಕ್ಷ ಕಟ್ಟಿದ. ಸ್ವಸ್ತಿಕ ಅದರ ಗುರುತು. ಅವನ ಶಿಷ್ಯ ಕೊರ್ನೇಲಿಯು ಜೆಲಿಯಾ ಕೊದ್ರಿಯಾನು, ಕಾನೂನು ವಿದ್ಯಾರ್ಥಿ. ವಿಶ್ವವಿದ್ಯಾಲಯ ಈ ಹುಡುಗನನ್ನು ಹೊರಹಾಕಿತ್ತು. ಆದರೆ ಕೂಜಾ ಇದ್ದ ಕಾನೂನು ವಿಭಾಗ ಆ ಆದೇಶವನ್ನು ಒಪ್ಪಲೇ ಇಲ್ಲ, ಅವನ ಓದನ್ನು ಮುಗಿಸಿಕೊಟ್ಟಿತು. ಕಾನೂನು ಕಲಿಸುವ ಜಾಗದಲ್ಲೇ ಇವನಿಗೆ ರಕ್ಷಣೆ ಸಿಕ್ಕಿತು ಅನ್ನುವುದನ್ನು ನನ್ನಿಂದ ಮರೆಯಲಾಗುವುದಿಲ್ಲ.

ಈಗ ಕೇಸುಗಳಿಗೆ ಬರುತ್ತೇನೆ.

1923ರ ಅಕ್ಟೋಬರಿನಲ್ಲಿ ಕೊದ್ರಿಯಾನು ಮತ್ತು ಗೆಳೆಯರು ಮಂತ್ರಿಗಳನ್ನು, ಯಹೂದಿ ಬ್ಯಾಂಕರುಗಳನ್ನು ಕೊಲ್ಲುವ ಸಂಚು ಮಾಡಿ ಸಿಕ್ಕಿಬಿದ್ದರು. 1924ರಲ್ಲಿ ವಿಚಾರಣೆ ನಡೆದು ಖುಲಾಸೆಯಾದರು. ಸಂಚನ್ನು ಬಯಲು ಮಾಡಿದವನ ಮೇಲೆ ಇಯೊನ್ ಮೋತ್ಸಾ ಎಂಬ ಗೆಳೆಯ ಜೈಲಿನಲ್ಲೇ ಗುಂಡು ಹಾರಿಸಿದ. ಆ ಕೇಸಿನಲ್ಲಿ ಅವನೂ ಖುಲಾಸೆ.

1924ರ ಅಕ್ಟೋಬರ್ 25. ಯಾಶ್ ಕೋರ್ಟಿನಲ್ಲಿ ಕೊದ್ರಿಯಾನು ನಗರದ ಪೊಲೀಸ್ ಮುಖ್ಯಸ್ಥ ಮಾನ್ಚುವನ್ನು ಗುಂಡಿಟ್ಟು ಕೊಂದ. ಕೊದ್ರಿಯಾನು ಆ ದಿನ ಅಲ್ಲಿಗೆ ಬಂದದ್ದು ಒಬ್ಬ ವಿದ್ಯಾರ್ಥಿಯ ಪರ ವಕೀಲನಾಗಿ. ಮಾನ್ಚುವಿನ ಪೊಲೀಸರು ಬಂಧಿಸಿದ ವಿದ್ಯಾರ್ಥಿಗಳನ್ನು ಹೊಡೆದಿದ್ದರು ಅನ್ನುವ ದೂರು ಇತ್ತು. ಅದನ್ನು ನಾನು ಹಗುರ ಮಾಡುವುದಿಲ್ಲ, ಲಾಕಪ್ಪಿನ ಏಟಿನ ಕಥೆಗಳನ್ನು ನಾನೂ ಬಹಳ ಕೇಳಿದ್ದೇನೆ. ಅದಕ್ಕೆ ದೂರು ಕೊಡಬಹುದು, ಕೇಸು ಹಾಕಬಹುದು. ಕೋರ್ಟಿನಲ್ಲಿ ಪಿಸ್ತೂಲು ತೆಗೆಯುವುದು ಬೇರೆ. ವಿಚಾರಣೆಯನ್ನು ಯಾಶ್‌ನಿಂದ ಫೊಕ್ಷಾನಿಗೆ ಹಾಕಿದರು. ಅಲ್ಲಿ ಯಹೂದಿಗಳ ಮೇಲೆ ದಂಗೆಯೇ ನಡೆದುಹೋಯಿತು. ಆಮೇಲೆ ದೇಶದ ಇನ್ನೊಂದು ತುದಿಗೆ, ಡ್ಯಾನ್ಯೂಬ್ ದಂಡೆಯ ತುರ್ನು ಸೆವೆರಿನ್‌ಗೆ ಒಯ್ದರು. 1925ರ ಮೇ ತಿಂಗಳಲ್ಲಿ ಜೂರಿಗಳು ತೀರ್ಪು ಹೇಳಲು ಬಂದಾಗ ಅವರ ಎದೆಯ ಮೇಲೆ ಕೂಜಾ ಪಕ್ಷದ ಸ್ವಸ್ತಿಕದ ಬಿಲ್ಲೆಗಳಿದ್ದವು. ತೀರ್ಪು ಏನೆಂದು ಹೇಳಬೇಕಾಗಿಲ್ಲ ಅಲ್ವಾ? ಮುಂದಿನ ತಿಂಗಳು ಫೊಕ್ಷಾನಿಯಲ್ಲಿ ಅವನ ಮದುವೆಯಾಯಿತು, ಜಾತ್ರೆಯಂತೆ ಜನ ನೆರೆದರು.

ನನಗೆ ಎಲ್ಲಕ್ಕಿಂತ ಕಷ್ಟವಾಗುವುದು ದವೀದ್ ಫಾಲಿಕ್‌ನ ಕೇಸು. 1926ರಲ್ಲಿ ಚೆರ್ನೌತ್ಸಿ ನಗರದಲ್ಲಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಯಹೂದಿ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಫೇಲಾದರು. ಬೇಕೆಂದೇ ಮಾಡಿದ್ದು ಎಂದು ಹುಡುಗರು ಪ್ರತಿಭಟಿಸಿದರು. ಫಾಲಿಕ್ ಅವರಲ್ಲಿ ಒಬ್ಬ. ಅವನ ಮೇಲೆ ಕೇಸಾಯಿತು. ನವೆಂಬರಿನಲ್ಲಿ ವಿಚಾರಣೆಗೆ ಬಂದವನನ್ನು ನೆಕುಲಾಯ್ ತೋತು ಎಂಬ ವಿದ್ಯಾರ್ಥಿ ಕೋರ್ಟಿನ ಆವರಣದಲ್ಲೇ ಗುಂಡು ಹೊಡೆದು ಕೊಂದ. ಮರುವರ್ಷ ಜೂರಿ ತೋತುವನ್ನೂ ಬಿಟ್ಟುಬಿಟ್ಟಿತು. ನಮ್ಮ ಕೋರ್ಟಿಗೆ ಬರುವ ಆ ವಯಸ್ಸಿನ ಹುಡುಗರನ್ನು ಕಂಡಾಗ ಫಾಲಿಕ್ ನೆನಪಾಗುತ್ತಾನೆ. ಪರೀಕ್ಷೆ ಸರಿಯಾಗಿ ನಡೆಯಲಿಲ್ಲ ಎಂದು ಕೂಗಿದ್ದಕ್ಕೆ ಅವನು ಕಟಕಟೆ ಹತ್ತಬೇಕಾಯಿತು. ಅವನನ್ನು ಕೊಂದವನು ಮನೆಗೆ ಹೋದ.

1927ರ ಜೂನ್ 24ರಂದು ಕೊದ್ರಿಯಾನು ಕೂಜಾನನ್ನು ಬಿಟ್ಟು ತನ್ನದೇ ಲೀಜನ್ ಕಟ್ಟಿದ. ಮೈಕೇಲ್ ದೇವದೂತನ ಹೆಸರಿನ ಸಂಘಟನೆ ಅದು. ಜನ ಅದನ್ನು ‘ಐರನ್ ಗಾರ್ಡ್’ ಎಂದೇ ಹೆಚ್ಚು ಬಲ್ಲರು. ಹಸಿರು ಅಂಗಿ, ಹಳ್ಳಿ ಹಳ್ಳಿಯ ತಿರುಗಾಟ, ಪ್ರಾರ್ಥನೆ, ಸತ್ತವರ ಪೂಜೆ. ಬಡ ರೈತನಿಗೆ ಅವನ ಸಾಲಕ್ಕೆ, ಅವನ ಕಷ್ಟಕ್ಕೆಲ್ಲ ಯಹೂದಿಯೇ ಕಾರಣ ಎಂದು ಹೇಳಿಕೊಟ್ಟರು. 1933ರ ಡಿಸೆಂಬರಿನಲ್ಲಿ ಪ್ರಧಾನಿ ದುಕಾ ಇದನ್ನು ನಿಷೇಧಿಸಿದ. ತಿಂಗಳು ತುಂಬುವ ಮೊದಲೇ, 29ರಂದು, ಸಿನಾಯಾ ರೈಲು ನಿಲ್ದಾಣದಲ್ಲಿ ಲೀಜನ್‌ನವರು ಅವನನ್ನು ಕೊಂದರು. ಗುಂಡು ಹಾರಿಸಿದವರಿಗೆ ಜೀವಾವಧಿ ಶಿಕ್ಷೆಯಾಯಿತು. ಕೊದ್ರಿಯಾನು ಮತ್ತೆ ಖುಲಾಸೆ.

ಒಂದರ ಮೇಲೊಂದು ಇಂಥ ತೀರ್ಪುಗಳು ಬಿದ್ದರೆ ಊರಿನ ಜನ ಏನು ಅಂದುಕೊಳ್ಳುತ್ತಾರೆ? ಜೂರಿಗಳು ಆಕಾಶದಿಂದ ಇಳಿದವರಲ್ಲ. ಅದೇ ಊರುಗಳ ಮರ್ಯಾದಸ್ಥರು. ಕೊಲೆ ನಡೆದಿಲ್ಲ ಎಂದು ಅವರು ನಂಬಿರಲಿಲ್ಲ. ಕೊಂದದ್ದು ಸರಿ ಎಂದು ನಂಬಿದ್ದರು. ಐರನ್ ಗಾರ್ಡ್ ಅಧಿಕಾರಕ್ಕೆ ಬಂದದ್ದು 1940ರಲ್ಲಿ. ಆದರೆ ತುರ್ನು ಸೆವೆರಿನ್‌ನ ಆ ದಿನವೇ ಅದು ಗೆದ್ದಿತ್ತು ಎಂದು ನಾನು ಹೇಳುತ್ತೇನೆ.

ವಕೀಲರೂ ಹಿಂದೆ ಬೀಳಲಿಲ್ಲ. ಬುಖಾರೆಸ್ಟಿನ ಹೆಸರಾಂತ ಕಾನೂನು ಪ್ರಾಧ್ಯಾಪಕ ಇಸ್ತ್ರಾತೆ ಮಿಚೆಸ್ಕು ವಕೀಲರ ಸಂಘದಿಂದ ಯಹೂದಿಗಳನ್ನು ಹೊರಹಾಕಲು ಚಳವಳಿಯನ್ನೇ ನಡೆಸಿದ. 1937ರ ಡಿಸೆಂಬರ್ ಚುನಾವಣೆಯಲ್ಲಿ ಲೀಜನ್‌ನ ಪಕ್ಷಕ್ಕೆ ಶೇ. 15ಕ್ಕಿಂತ ಹೆಚ್ಚು ಮತ ಬಂತು, ಮೂರನೇ ಸ್ಥಾನ. ರಾಜ ಎರಡನೇ ಕರೋಲ್ ಲೀಜನ್‌ನವರನ್ನು ದೂರವಿಟ್ಟು, ಶೇ. 9ರಷ್ಟು ಮತ ಪಡೆದ ಗೋಗಾ ಮತ್ತು ಕೂಜಾರ ಪಕ್ಷಕ್ಕೆ ಸರ್ಕಾರ ಕೊಟ್ಟ. ಮಿಚೆಸ್ಕು ವಿದೇಶಾಂಗ ಮಂತ್ರಿಯಾದ. ಆ ಸರ್ಕಾರ ಉಳಿದದ್ದು 44 ದಿನ. ಅಷ್ಟರಲ್ಲೇ, 1938ರ ಜನವರಿಯಲ್ಲಿ, ಯಹೂದಿಗಳ ಪೌರತ್ವವನ್ನು ಮರುಪರಿಶೀಲಿಸುವ ಆದೇಶ ಹೊರಬಂತು. ತಾನು ಪ್ರಜೆ ಎಂದು ಪ್ರತಿಯೊಬ್ಬನೂ ಕಾಗದ ತಂದು ತೋರಿಸಬೇಕು. ಸಾಬೀತುಪಡಿಸುವ ಹೊಣೆ ಪೂರ್ತಿ ಅವನದೇ. ಹಳೆಯ ಕಾಗದ ಎಷ್ಟು ಮನೆಯಲ್ಲಿ ಉಳಿದಿರುತ್ತದೆ? ಸರ್ಕಾರ ಬಿದ್ದರೂ ಆದೇಶ ಬೀಳಲಿಲ್ಲ. ಕೊನೆಗೆ 2,25,222 ಜನ ಪೌರತ್ವ ಕಳೆದುಕೊಂಡರು.

ಅದೇ ವರ್ಷ ನವೆಂಬರಿನಲ್ಲಿ ಜೈಲಿನಲ್ಲಿದ್ದ ಕೊದ್ರಿಯಾನುವನ್ನು ಸರ್ಕಾರವೇ ಕತ್ತು ಬಿಗಿಸಿ ಕೊಲ್ಲಿಸಿ, ಓಡಿಹೋಗುವಾಗ ಗುಂಡು ಹಾರಿಸಿದೆವು ಎಂದಿತು. ಅದೂ ಕೊಲೆಯೇ. ಅದರಿಂದ ಅವನು ಹುತಾತ್ಮನಾದ, ಅಷ್ಟೆ. 1941ರ ಜೂನ್ ಕೊನೆಯಲ್ಲಿ, ಸರ್ವಾಧಿಕಾರಿ ಅಂತೊನೆಸ್ಕುವಿನ ಆಡಳಿತದಲ್ಲಿ, ಅದೇ ಯಾಶ್ ನಗರದ ಯಹೂದಿಗಳಲ್ಲಿ 13,000ಕ್ಕೂ ಹೆಚ್ಚು ಜನರನ್ನು ಕೊಂದರು. ಪೊಲೀಸರು, ಸೈನಿಕರು, ನೆರೆಹೊರೆಯವರು ಎಲ್ಲರೂ ಕೈ ಜೋಡಿಸಿದ್ದರು.

ಇದರಲ್ಲಿ ನಮಗೆ ಪರಿಚಯದ ಹೆಸರೊಂದು ಇದೆ. ಮಿರ್ಚಾ ಎಲಿಯಾಡೆ. 1928ರಿಂದ 1931ರವರೆಗೆ ಭಾರತದಲ್ಲಿದ್ದು, ಕಲ್ಕತ್ತೆಯಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಓದಿದ, ಯೋಗದ ಬಗ್ಗೆ ಬರೆದ ವಿದ್ವಾಂಸ. ಊರಿಗೆ ಮರಳಿದ ಮೇಲೆ ಪ್ರಾಧ್ಯಾಪಕ ನಾಯೆ ಇಯೊನೆಸ್ಕುವಿನ ಸಹಾಯಕನಾದ, ಗುರುವಿನ ಜೊತೆ ಲೀಜನ್ ಕಡೆ ವಾಲಿದ. 1937ರಲ್ಲಿ ಅದರ ಪರವಾಗಿ ಬರೆದ, ಚುನಾವಣೆಗೆ ದುಡಿದ. ಇಬ್ಬರಿಗೂ ಆಪ್ತನಾಗಿದ್ದ ಯಹೂದಿ ಲೇಖಕ ಮಿಹಾಯಿಲ್ ಸೆಬಾಸ್ಟಿಯನ್ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. 1934ರಲ್ಲಿ ಅವನು ತನ್ನ ಕಾದಂಬರಿಗೆ ಗುರುವಿನ ಮುನ್ನುಡಿ ಕೇಳಿದ್ದ. ಇಯೊನೆಸ್ಕು ಬರೆದುಕೊಟ್ಟದ್ದು, ನೀನು ಬ್ರಾಯಿಲಾ ಊರಿನ ಮನುಷ್ಯನಲ್ಲ, ಬ್ರಾಯಿಲಾ ಊರಿನ ಯಹೂದಿ ಎಂಬ ಅರ್ಥದ ಮಾತು. ಬ್ರಾಯಿಲಾ ಇಯೊನೆಸ್ಕುವಿಗೂ ಹುಟ್ಟೂರೇ. ಸೆಬಾಸ್ಟಿಯನ್ ಆ ಮುನ್ನುಡಿಯನ್ನು ಹಾಗೇ ಅಚ್ಚು ಹಾಕಿಸಿದ.

ದಿನಚರಿ ಅಚ್ಚಾದದ್ದು 1996ರಲ್ಲಿ, ಎಲಿಯಾಡೆ ಸತ್ತು ಹತ್ತು ವರ್ಷಕ್ಕೆ. ಈಗ ಅದು ಇಂಗ್ಲಿಷಿನಲ್ಲೂ ಸಿಗುತ್ತದೆ. ಎಲಿಯಾಡೆ ಬಗ್ಗೆ ಕನ್ನಡದಲ್ಲಿ ಬರೆಯುವವರು, ಪಾಠ ಹೇಳುವವರು ಅದನ್ನು ಓದಲೇಬೇಕು ಎಂದು ಕೇಳಿಕೊಳ್ಳುತ್ತೇನೆ. ಕಲ್ಕತ್ತೆಯ ವರ್ಷಗಳ ಪಕ್ಕದಲ್ಲೇ 1937ನ್ನೂ ಬರೆಯಿರಿ.